ಮೀನು ಬಿದ್ದಾಗ ಎಲ್ಲರೂ ಒಂದೇ ಬದಿಗೆ ಬರ್ತಾರೆ

ಮನೆಮಂದಿಯೆಲ್ಲ ಕೂತು ಗಾಳ ಹಾಕೋಕೆ ಒಂದು ಸಣ್ಣ ದೋಣಿ ತಗೋಬೇಕು ಅನ್ನುವವರು ಮೊದಲು ಕೇಳೋದು ಎಂಜಿನ್ ಎಷ್ಟು ಹಾರ್ಸ್‌ಪವರ್ ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮಗುವಿನ ಗಾಳಕ್ಕೆ ಮೀನು ಬಿದ್ದ ಗಳಿಗೆಯಲ್ಲಿ ದೋಣಿ ಏನು ಮಾಡುತ್ತೆ? ಮೊದಲು ಅದನ್ನು ಯೋಚಿಸಿ.

ಯಾಕೆಂದರೆ ಆ ಹೊತ್ತಿನಲ್ಲಿ ಯಾರೂ ಅವರವರ ಜಾಗದಲ್ಲಿ ಕೂತಿರಲ್ಲ. ಮಗು ಎದ್ದು ನಿಲ್ಲುತ್ತೆ, ಅಮ್ಮ ಕೈಬಲೆ ಹಿಡಿದು ಅಂಚಿಗೆ ಬಾಗುತ್ತಾಳೆ, ಅಪ್ಪ ಫೋಟೋ ತೆಗೆಯೋಕೆ ಅದೇ ಬದಿಗೆ ಬರುತ್ತಾನೆ, ಅಲ್ಲಿಯವರೆಗೆ ತೂಕಡಿಸುತ್ತಿದ್ದ ಅಜ್ಜನೂ "ಎಲ್ಲಿ, ಎಷ್ಟು ದೊಡ್ಡದು" ಅಂತ ಇಣುಕುತ್ತಾರೆ. ಎಲ್ಲರ ತೂಕವೂ ಒಂದೇ ಅಂಚಿನ ಮೇಲೆ. "ಯಾರೂ ಏಳಬಾರದು" ಅಂತ ನಿಯಮ ಮಾಡಬಹುದು, ಆದರೆ ಮೀನು ಎಳೆಯುವಾಗ ಯಾರಿಗೆ ನೆನಪಿರುತ್ತೆ ಹೇಳಿ? ಹಾಗಾಗಿ ಈ ಗದ್ದಲವನ್ನು ತಡೆದುಕೊಳ್ಳುವ ದೋಣಿಯನ್ನೇ ಆರಿಸಬೇಕು.

ಇಲ್ಲಿ ಕೆಲಸಕ್ಕೆ ಬರೋದು ಅಗಲ. ಜನ ಉದ್ದ ನೋಡಿ ಮರುಳಾಗುತ್ತಾರೆ. ಆದರೆ ವಾಲದಂತೆ ತಡೆಯುವ ಶಕ್ತಿ ಉದ್ದ ಎರಡು ಪಟ್ಟಾದರೆ ಸುಮಾರು ಎರಡು ಪಟ್ಟಾಗುತ್ತೆ, ಅಷ್ಟೇ. ನೀರಿನ ಮಟ್ಟದಲ್ಲಿ ಅಗಲ ಎರಡು ಪಟ್ಟಾದರೆ ಅದು ಸುಮಾರು ಎಂಟು ಪಟ್ಟು! ಚಪ್ಪಟೆ ತಳದ ಜಾನ್ ಬೋಟ್‌ಗಳ ಮೇಲೆ 1436, 1448 ಅಂತ ನಂಬರ್ ಇರುತ್ತೆ ನೋಡಿ, ಮೊದಲ ಎರಡು ಅಂಕಿ ಅಡಿಯಲ್ಲಿ ಉದ್ದ, ಉಳಿದೆರಡು ಇಂಚಿನಲ್ಲಿ ತಳದ ಅಗಲ. ಎರಡೂ 14 ಅಡಿಯವೇ. ಹನ್ನೆರಡು ಇಂಚು ಅಗಲ ಜಾಸ್ತಿ ಇದ್ದಿದ್ದಕ್ಕೇ ಎರಡನೆಯದು ಎರಡು ಪಟ್ಟಿಗಿಂತ ಗಟ್ಟಿಯಾಗಿ ನಿಲ್ಲುತ್ತೆ. ಮೊದಲನೆಯದರಲ್ಲಿ ಒಬ್ಬರು ಪಕ್ಕಕ್ಕೆ ಸರಿದು ಕೂತರೂ ಮಿಕ್ಕವರಿಗೆ ಗೊತ್ತಾಗುತ್ತೆ.

ಇನ್ನೊಂದು ವಿಷಯ. ಮಾರುವವರು ಹೇಳುವ ಅಗಲ ಸಾಮಾನ್ಯವಾಗಿ ಮೇಲಿನ ಅಂಚಿನದ್ದು. ಬದಿಗಳು ಹೊರಗೆ ಚಾಚಿಕೊಂಡಿದ್ದರೆ ಮೇಲೆ 60 ಇಂಚು ಇದ್ದೂ ತಳ ತುಂಬಾ ಕಿರಿದಾಗಿರಬಹುದು. ಟೇಪ್ ತಗೊಂಡು ಹೋಗಿ, ಬಗ್ಗಿ ತಳ ಅಳೆಯಿರಿ. ನಾಚಿಕೆ ಬೇಡ.

ಇನ್ನು ತಳದ ಆಕಾರ. ಚಪ್ಪಟೆ ತಳ ಕಾಲಿಟ್ಟ ಕೂಡಲೇ ಭದ್ರ ಅನ್ನಿಸುತ್ತೆ, ಅಲ್ವಾ? ಆದರೆ ಒಂದು ಹದ ಮೀರಿ ವಾಲಿದರೆ ಅದು ಎಚ್ಚರಿಕೆ ಕೊಡದೆ ಮಗುಚುವುದೇ ಹೆಚ್ಚು. ಗಾಳಿ ಎದ್ದು ಚಿಕ್ಕ ಚಿಕ್ಕ ಅಲೆ ಬಂದರೆ ತಳ ಪಟಪಟ ಬಡಿಯುತ್ತೆ, ನೀರು ಮುಖಕ್ಕೇ ಎರಚುತ್ತೆ. ವಿ ಆಕಾರದ ತಳ ಇದಕ್ಕೆ ಉಲ್ಟಾ. ಹತ್ತುವಾಗ ಅಲ್ಲಾಡಿ ಹೆದರಿಸುತ್ತೆ, ಸ್ವಲ್ಪ ವಾಲಿದ ಮೇಲೆ ಅಗಲವಾದ ಬದಿ ನೀರಿಗೆ ತಾಗಿ ನಿಲ್ಲುತ್ತೆ. ಹಾಗಾಗಿ ನನ್ನ ಓಟು ಮುಂದೆ ವಿ, ಹಿಂದೆ ಹೆಚ್ಚುಕಡಿಮೆ ಚಪ್ಪಟೆ ಇರುವ, ಬದಿ ಎತ್ತರವಾಗಿರುವ 14ರಿಂದ 16 ಅಡಿಯ ಅಲ್ಯೂಮಿನಿಯಂ ದೋಣಿಗೆ. ಉದ್ದನೆಯ ಗಾಳಿ ತುಂಬಿದ ಲೋಹದ ಕೊಳವೆಗಳ ಮೇಲೆ ಚಪ್ಪಟೆ ಅಟ್ಟ ಕೂರಿಸಿದ ಪಾಂಟೂನ್ ಬೋಟ್ ಇದಕ್ಕಿಂತ ಭದ್ರ, ಒಪ್ಪುತ್ತೇನೆ, ಆದರೆ ಅದನ್ನು ಸಾಗಿಸೋದು, ಇಡೋದು ದೊಡ್ಡ ತಲೆನೋವು. ಗಾಳಿ ತುಂಬುವ ದೋಣಿಯೂ ಭದ್ರವೇ. ಆದರೆ ಮಕ್ಕಳ ಕೈಯಲ್ಲಿ ಗಾಳದ ಕೊಕ್ಕೆ ಕೊಟ್ಟು ರಬ್ಬರ್ ಕೊಳವೆ ಮೇಲೆ ಕೂರಿಸುವ ಧೈರ್ಯ ನನಗಿಲ್ಲ. ಕಯಾಕ್ ಮಾತು ಬೇಡ, ಅದು ಒಂಟಿ ಮನುಷ್ಯನದು.

ಕಂಬದ ಮೇಲೆ ತಿರುಗುವ ಎತ್ತರದ ಸೀಟು, ನಿಂತು ಗಾಳ ಎಸೆಯೋಕೆ ಮುಂದೆ ಒಂದು ಕಟ್ಟೆ, ಇವೆಲ್ಲ ಫೋಟೋದಲ್ಲಿ ಚೆನ್ನಾಗಿ ಕಾಣುತ್ತವೆ. ಮೈ ಭಾರ ಮೇಲಕ್ಕೆ ಹೋದಷ್ಟೂ ದೋಣಿ ತೂಗಾಡುತ್ತೆ. ಮನೆಮಂದಿಯ ದೋಣಿಗೆ ತಗ್ಗಿನ ಅಡ್ಡ ಹಲಗೆಯೇ ಸರಿ.

ಎಷ್ಟು ಜನ ಕೂರಬಹುದು? ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಒಂದು ಲೆಕ್ಕ ಬಳಸುತ್ತಾರೆ, ಉದ್ದ ಮತ್ತು ಅಗಲವನ್ನು ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸೋದು. 14 ಅಡಿ ಉದ್ದ, 5 ಅಡಿ ಅಗಲ ಅಂದರೆ ನಾಲ್ಕು ಚಿಲ್ಲರೆ, ಅಂದರೆ ನಾಲ್ಕೇ ಜನ. ಅದೂ ಹವಾ ಚೆನ್ನಾಗಿದ್ದಾಗ. ಬ್ಯಾಟರಿ, ಲಂಗರು, ಐಸ್ ಪೆಟ್ಟಿಗೆ, ಊಟದ ಚೀಲ ಎಲ್ಲ ಸೇರುತ್ತೆ ತಾನೇ, ನಾನಾದರೆ ಒಬ್ಬರನ್ನು ಕಮ್ಮಿ ಮಾಡುತ್ತೇನೆ.

ನೀರು ತುಂಬಿದರೂ ಮುಳುಗದಿರುವುದು ಇನ್ನೊಂದು ಗುಣ. 1958ರಲ್ಲಿ ಶುರುವಾದ ಅಮೆರಿಕದ ದೋಣಿ ಕಂಪನಿ ಬಾಸ್ಟನ್ ವೇಲರ್‌ನ ಸ್ಥಾಪಕ ರಿಚರ್ಡ್ ಫಿಶರ್ 1961ರಲ್ಲಿ ಲೈಫ್ ಪತ್ರಿಕೆಗಾಗಿ ನೀರಿನ ಮೇಲೇ ತಮ್ಮ ದೋಣಿಯನ್ನು ಗರಗಸದಿಂದ ಎರಡು ತುಂಡು ಮಾಡಿಸಿ, ಹಿಂದಿನ ಅರ್ಧದಲ್ಲೇ ಕೂತು ಎಂಜಿನ್ ಓಡಿಸಿಕೊಂಡು ಹೋದರು! ಫೈಬರ್‌ನ ಎರಡು ಪದರಗಳ ನಡುವೆ ತುಂಬಿದ ಫೋಮ್ ಮಾಡಿದ ಕೆಲಸ ಅದು. ಅಲ್ಯೂಮಿನಿಯಂ ದೋಣಿಗಳಲ್ಲಿ ಈ ಫೋಮ್ ಹೆಚ್ಚಾಗಿ ಸೀಟಿನ ಕೆಳಗೇ ಇರುತ್ತೆ. ಜಾಗ ಆಗಲಿ ಅಂತ ಯಾರೋ ಹಲಗೆ ಕಿತ್ತು ಹಾಕಿದ ಹಳೇ ದೋಣಿ ಸಿಕ್ಕರೆ ಮುಟ್ಟಬೇಡಿ. ಹಳೇ ಫೋಮ್ ನೀರು ಹೀರಿಕೊಂಡೂ ಇರಬಹುದು, ಒಂದು ಮೂಲೆ ಒತ್ತಿ ನೋಡಿ.

ದುಡ್ಡು ಕೊಡುವ ಮುಂಚೆ ದೋಣಿಯನ್ನು ನೀರಿಗೆ ಇಳಿಸಲೇಬೇಕು. ದಡದ ಹತ್ತಿರ, ಸೊಂಟದ ಮಟ್ಟದ ನೀರಿನಲ್ಲಿ, ಎಲ್ಲರೂ ಲೈಫ್ ಜಾಕೆಟ್ ಹಾಕಿಕೊಂಡು ಹತ್ತಿ, ನಿಧಾನವಾಗಿ ಒಂದೇ ಬದಿಗೆ ಸರಿಯಿರಿ. ಆ ಬದಿಯ ಅಂಚು ನೀರಿನಿಂದ ಎಷ್ಟು ಮೇಲಿದೆ ನೋಡಿ. ಒಂದು ಗೇಣೂ ಉಳಿಯಲಿಲ್ಲ ಅಂದರೆ ಆ ದೋಣಿ ಬೇಡ. "ಸುಮ್ನೆ ಯಾಕೆ ಸರ್, ಇಲ್ಲೇ ನೋಡಿ ಸಾಕು" ಅನ್ನುವವನಿಂದ ತಗೊಳ್ಳಲೇಬೇಡಿ.

ತಗೊಂಡ ಮೇಲೆ ಲಂಗರನ್ನು ಮೂತಿಯಿಂದ ಮಾತ್ರ ಹಾಕಿ. ಎಂಜಿನ್ ಭಾರಕ್ಕೆ ಹಿಂಬದಿ ಮೊದಲೇ ತಗ್ಗಿರುತ್ತೆ, ಅಲ್ಲಿ ಹಗ್ಗ ಕಟ್ಟಿದರೆ ಅಲೆ ನೇರ ಒಳಗೆ ಬರುತ್ತೆ. ಒಳಗೆ ಬಂದ ನೀರು ದೋಣಿ ವಾಲಿದ ಕಡೆಗೇ ಹರಿದು ಇನ್ನಷ್ಟು ವಾಲಿಸುತ್ತೆ. ಅದಕ್ಕೇ ಎಂಜಿನ್ ಎಂಥದ್ದೇ ಇರಲಿ, ಒಂದು ಜೊತೆ ಹುಟ್ಟು ಮತ್ತು ನೀರು ಎತ್ತಿ ಹಾಕೋಕೆ ಒಂದು ಬಕೆಟ್ ದೋಣಿಯಲ್ಲೇ ಇರಲಿ.