ಪಾಪದಲ್ಲೂ ಪರ್ಸೆಂಟೇಜ್

ಇಂಗ್ಲೆಂಡಿನ ಚರ್ಚು ಕೊನೆಗೂ ತನ್ನ ಪ್ರಾಯಶ್ಚಿತ್ತಕ್ಕೆ ಒಂದು ದರ ಕಟ್ಟಿತು. 10 ಕೋಟಿ ಪೌಂಡು. ಸುದ್ದಿ ನಿಮಗೆ ಗೊತ್ತೇ ಇದೆ. ಬಡ ಪಾದ್ರಿಗಳಿಗೆ ಆಸರೆಯಾಗಲಿ ಅಂತ 1704ರಲ್ಲಿ ಶುರುವಾದ ನಿಧಿಯ ದುಡ್ಡನ್ನು ಸೌತ್ ಸೀ ಕಂಪನಿಯಲ್ಲಿ ತೊಡಗಿಸಿದ್ದೆವು, ಆ ಕಂಪನಿ ಹಡಗಿನಲ್ಲಿ ಗುಲಾಮರನ್ನು ಸಾಗಿಸುತ್ತಿತ್ತು, ನಾಚಿಕೆಯಾಗ್ತಿದೆ ಅಂತ 2023ರ ಜನವರಿಯಲ್ಲಿ ಹೇಳಿದರು. ಚಪ್ಪಾಳೆ. ಇದನ್ನು ಪತ್ತೆ ಮಾಡೋಕೆ ಲೆಕ್ಕ ತಪಾಸಿಗರನ್ನು ನೇಮಿಸಿ ವರ್ಷಗಟ್ಟಲೆ ಹುಡುಕಿಸಿದ್ದರು. ಹುಡುಕಿದ್ದು ತಮ್ಮದೇ ಹಳೇ ಲೆಕ್ಕದ ಪುಸ್ತಕಗಳಲ್ಲಿ ಅನ್ನೋದು ಬೇರೆ ಮಾತು.

ಆ ಚರ್ಚಿನ ಹತ್ತಿರ ಇರೋ ನಿಧಿ ಸಾವಿರ ಕೋಟಿ ಪೌಂಡಿನ ಆಸುಪಾಸು. ಅದರಲ್ಲಿ 10 ಕೋಟಿ ಅಂದರೆ ನೂರಕ್ಕೆ ಒಂದು. ಅದೂ ಒಂದೇ ಸಲ ಅಲ್ಲ, ಒಂಬತ್ತು ವರ್ಷಗಳಲ್ಲಿ. ಫ್ರಿಜ್ಜಿಗೂ ಯಾರೂ ಇಷ್ಟು ಉದ್ದದ ಕಂತು ಕೊಡೋದಿಲ್ಲ. ಅವರೇ ಮಾಡಿದ ಉಸ್ತುವಾರಿ ತಂಡ 2024ರ ಮಾರ್ಚ್‌ನಲ್ಲಿ, ಇದು ಏನೂ ಸಾಲದು, 100 ಕೋಟಿಯಾದರೂ ಬೇಕು, ಒಂಬತ್ತು ವರ್ಷ ತೀರಾ ನಿಧಾನ ಅಂತ ವರದಿ ಕೊಟ್ಟಿತು. ಚರ್ಚು ಅದನ್ನು ತುಂಬು ಮನಸ್ಸಿನಿಂದ ಒಪ್ಪಿಕೊಂಡಿತು. 100 ಕೋಟಿ ಒಳ್ಳೆಯ ಗುರಿ, ನಮ್ಮ ಪಾಲು ಅದೇ 10 ಕೋಟಿ, ಉಳಿದದ್ದಕ್ಕೆ ಬೇರೆಯವರೂ ಕೈಜೋಡಿಸಲಿ. ಪಾಪ ಮನೆಯದು, ಪ್ರಾಯಶ್ಚಿತ್ತದ ಚಂದಾ ಊರಿನದು.

ನನಗೆ ಈ ಚರ್ಚಿನ ಹಣಕಾಸು ವಿಭಾಗದ ಮೇಲೆ ಹಳೇ ಪ್ರೀತಿ. 2013ರ ಕತೆ ನೆನಪಿದೆ ಅಲ್ವಾ? ವೋಂಗಾ ಅಂತ ಒಂದು ಕಂಪನಿ. ಸಂಬಳ ಬರೋವರೆಗೆ ಕೈಸಾಲ ಕೊಡುತ್ತಿತ್ತು. ವರ್ಷದ ಲೆಕ್ಕ ಹಾಕಿದರೆ ಬಡ್ಡಿ ಶೇಕಡಾ 5,853. ಅಚ್ಚಿನ ತಪ್ಪಲ್ಲ, ಇನ್ನೊಂದು ಸಲ ಓದಿಕೊಳ್ಳಿ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಅವರಿಗೆ ಸಿಟ್ಟು ಬಂತು. ಸಾಲ ಕೊಡೋ ಸಹಕಾರ ಸಂಘಗಳಿಗೆ ಚರ್ಚಿನ ಬಲ ಕೊಟ್ಟು ನಿಮ್ಮ ಅಂಗಡಿ ಮುಚ್ಚಿಸ್ತೀವಿ ಅಂದರು. ಭೇಷ್ ಅಂತ ಜನ ಬೆನ್ನು ತಟ್ಟುವಷ್ಟರಲ್ಲಿ ಮರುದಿನವೇ ಪತ್ರಿಕೆಯಲ್ಲಿ ಬಂತು: ಚರ್ಚಿನ ದುಡ್ಡು ಸುತ್ತಿಬಳಸಿ ಅದೇ ವೋಂಗಾದಲ್ಲಿದೆ. ದೊಡ್ಡ ಮೊತ್ತವೇನಲ್ಲ, ಸುಮಾರು 75,000 ಪೌಂಡು. ಮುಜುಗರ ಆಯ್ತು ಅಂತ ವೆಲ್ಬಿ ಅವರೇ ಒಪ್ಪಿಕೊಂಡರು ಬಿಡಿ.

ಆ ಗಲಾಟೆಯಲ್ಲಿ ಹೊರಬಿದ್ದ ನಿಜವಾದ ಮುತ್ತು ಅಂದರೆ ಚರ್ಚಿನ ಆಗಿನ ಹೂಡಿಕೆ ನಿಯಮ. ಕಂಪನಿಯ ಆದಾಯದಲ್ಲಿ ಅಶ್ಲೀಲ ಸರಕಿನ ಪಾಲು ಶೇಕಡಾ 3ರವರೆಗೆ ಇದ್ದರೆ ನಡೆಯುತ್ತಿತ್ತು. ಯುದ್ಧದ ಸಾಮಾನು ಶೇಕಡಾ 10ರವರೆಗೆ. ಜೂಜು, ಹೆಂಡ, ಮೀಟರ್ ಬಡ್ಡಿ ಇವೆಲ್ಲ ಶೇಕಡಾ 25ರವರೆಗೆ. ಇದನ್ನು ತೀರ್ಮಾನಿಸಿದ ಸಭೆಯಲ್ಲಿ ಕಾಫಿ ಹಂಚೋ ಕೆಲಸವಾದರೂ ನನಗೆ ಸಿಗಬೇಕಿತ್ತು. ಅಶ್ಲೀಲಕ್ಕೆ ನಾಲ್ಕು ಇಟ್ಟರೆ ಹೇಗೆ ಅಂತ ಒಬ್ಬರು ಕೇಳಿರಬೇಕು. ಛೇ ಛೇ, ಮೂರು ಸಾಕು, ಮೇಲೊಬ್ಬ ನೋಡ್ತಾ ಇರ್ತಾನೆ ಅಂತ ಇನ್ನೊಬ್ಬರು ಗದರಿರಬೇಕು. ಹೆಂಡದ ವಿಷಯ ಬಂದಾಗ ಕಾಲು ಭಾಗಕ್ಕೆ ಯಾರೂ ತಕರಾರು ತೆಗೆದಿರಲಿಕ್ಕಿಲ್ಲ. ಮೋಶೆ ಬೆಟ್ಟದಿಂದ ಹೊತ್ತು ತಂದ ಕಲ್ಲಿನ ಹಲಗೆಯಲ್ಲಿ ಪರ್ಸೆಂಟೇಜ್ ಕಾಲಂ ಕೆತ್ತೋಕೆ ಜಾಗ ಸಾಲಲಿಲ್ಲ ಅಂತ ಕಾಣುತ್ತೆ. ನೆರೆಯವನ ಸೊತ್ತಿಗೆ ಆಸೆಪಡಬೇಡ, ಶೇಕಡಾ 25 ಮೀರಿದಂತೆ.

ಪುಣ್ಯಕ್ಕೆ ಲೆಕ್ಕ ಬರೆಯೋ ಚಟ ಇವತ್ತಿನದಲ್ಲ. 1791ರಲ್ಲಿ ವಿಲಿಯಂ ಫಾಕ್ಸ್ ಅನ್ನೋರು ಲಂಡನ್ನಿನಲ್ಲಿ ಒಂದು ಕಿರುಹೊತ್ತಿಗೆ ಅಚ್ಚು ಹಾಕಿಸಿದರು. ವೆಸ್ಟ್ ಇಂಡೀಸಿನ ಸಕ್ಕರೆ ಬಿಡಿ, ಅದು ಗುಲಾಮರ ರಕ್ತ ಅಂತ. ವಾರಕ್ಕೆ 5 ಪೌಂಡ್ ತೂಕದ ಸಕ್ಕರೆ ತಿನ್ನೋ ಮನೆ 21 ತಿಂಗಳು ಬಿಟ್ಟರೆ ಒಬ್ಬ ಮನುಷ್ಯ ಗುಲಾಮಗಿರಿಯಿಂದಲೋ ಕೊಲೆಯಿಂದಲೋ ಬಚಾವು ಅಂತ ಲೆಕ್ಕವನ್ನೂ ಕೊಟ್ಟರು. ನಗು ಬರುತ್ತೆ. ಆದರೆ ಜನ ನಿಜಕ್ಕೂ ಬಿಟ್ಟರು. ಕ್ವೇಕರ್‌ಗಳು, ಇನ್ನಿತರ ಸಣ್ಣಪುಟ್ಟ ಕ್ರೈಸ್ತ ಪಂಥದವರು, ಅದರಲ್ಲೂ ಓಟಿನ ಹಕ್ಕೇ ಇಲ್ಲದ ಹೆಂಗಸರು. ಮೂರು ಲಕ್ಷ ಜನ ಸಕ್ಕರೆ ಬಿಟ್ಟಿದ್ದಾರೆ ಅಂತ ಗುಲಾಮಗಿರಿ ವಿರುದ್ಧ ಹೋರಾಡುತ್ತಿದ್ದ ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದರು. ಆಗ ಇನ್ನೂ ಚಹಾ ಜೊತೆ ನ್ಯಾಯದ ಸ್ಟಿಕ್ಕರ್ ಬರುತ್ತಿರಲಿಲ್ಲ. ಸಪ್ಪೆ ಚಹಾ ಕುಡಿಯಬೇಕಿತ್ತು.

ಸ್ಟಿಕ್ಕರ್ ಬರೋಕೆ ಜಾಸ್ತಿ ದಿನ ಹಿಡಿಯಲಿಲ್ಲ ಅನ್ನಿ. 1820ರ ದಶಕದ ಹೊತ್ತಿಗೆ ಸಕ್ಕರೆ ಬಟ್ಟಲುಗಳ ಮೇಲೆಯೇ ಬರೆದಿರುತ್ತಿತ್ತು: ಇದು ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ, ಆರು ಮನೆಯವರು ಇದನ್ನು ಬಳಸಿದರೆ ಒಬ್ಬ ಗುಲಾಮ ಕಮ್ಮಿ ಸಾಕು. ಈಸ್ಟ್ ಇಂಡಿಯಾ ಅಂದರೆ ಯಾರು? ನಾವೇ. ಕಂಪನಿ ಸರ್ಕಾರದ ಕೆಳಗಿದ್ದ ನಾವು. ಇಲ್ಲಿ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆ ಹೋದದ್ದೇ 1843ರಲ್ಲಿ. ಅದಕ್ಕೂ ಮೊದಲೇ ನಮ್ಮ ಸಕ್ಕರೆಗೆ ಲಂಡನ್ನಿನಲ್ಲಿ ಶುದ್ಧ ಅಂತ ಸರ್ಟಿಫಿಕೇಟ್ ಸಿಕ್ಕಿಬಿಟ್ಟಿತ್ತು. ಜೀತದಾಳುಗಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ ಅಷ್ಟೆ.

ಕ್ವೇಕರ್‌ಗಳನ್ನು ಹೊಗಳಿದ್ದೀನಲ್ಲ, ದೃಷ್ಟಿ ತಾಗದಿರಲಿ ಅಂತ ಕ್ಯಾಡ್ಬರಿ ಕತೆಯನ್ನೂ ಹೇಳಿಬಿಡ್ತೀನಿ. ಧರ್ಮಭೀರು ಕ್ವೇಕರ್ ಮನೆತನ. ಸಾವೊ ತೋಮೆ ದ್ವೀಪದ ಕೋಕೋ ತೋಟಗಳಲ್ಲಿ ಗುಲಾಮರಿದ್ದಾರೆ ಅಂತ 1901ರಲ್ಲೇ ಕಿವಿಗೆ ಬಿತ್ತು. ವಿಚಾರಿಸಿದರು. ಮತ್ತೆ ವಿಚಾರಿಸಿದರು. 1905ರಲ್ಲಿ ಒಬ್ಬರನ್ನು ಕಳಿಸಿ ನೋಡಿಸಿದರು. ಅಲ್ಲಿಯ ಕೋಕೋ ಬೇಡ ಅಂತ ಘೋಷಿಸಿದ್ದು 1909ರಲ್ಲಿ. ಅಷ್ಟೂ ದಿನ ಅಂತರಾತ್ಮ ಒಂದು ಕಡೆ ಕುದಿಯುತ್ತಿತ್ತು, ಚಾಕೊಲೇಟು ಇನ್ನೊಂದು ಕಡೆ. ಇದನ್ನು ಎತ್ತಿ ಆಡಿದ ಪತ್ರಿಕೆಯ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು ಕೂಡ. ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್. ಅಂದರೆ ಕಾಲು ಪೆನ್ನಿ. ವಿಡಂಬನೆ ಬರೆಯೋರು ಆ ಜ್ಯೂರಿಯ ಕಾಲಿಗೆ ಬೀಳಬೇಕು.

ಬಾರ್ಬಡೋಸಿನ ಕಾಡ್ರಿಂಗ್ಟನ್ ತೋಟದ ವಿಷಯಕ್ಕೆ ಬಂದರೆ ಮಾತ್ರ ನನಗೆ ತಮಾಷೆ ಕೈಕೊಡುತ್ತದೆ. ಸುವಾರ್ತೆ ಸಾರೋಕೆ ಅಂತಲೇ ಇದ್ದ ಚರ್ಚಿನ ಸಂಘಕ್ಕೆ ಉಯಿಲಿನಲ್ಲಿ ಬಂದ ಕಬ್ಬಿನ ತೋಟ ಅದು. ಜೊತೆಗೆ ಮನುಷ್ಯರೂ ಬಂದರು. ಅವರ ಎದೆಯ ಮೇಲೆ ಕಾದ ಕಬ್ಬಿಣದಿಂದ ‘ಸೊಸೈಟಿ’ ಅಂತ ಬರೆ ಹಾಕುತ್ತಿದ್ದ ಕಾಲವಿತ್ತು. 1833ರಲ್ಲಿ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡಿ 2 ಕೋಟಿ ಪೌಂಡು ಪರಿಹಾರ ಹಂಚಿತು. ಹಂಚಿದ್ದು ಒಡೆಯರಿಗೆ. ಈ ಸಂಘಕ್ಕೂ ಎಂಟು ಸಾವಿರ ಪೌಂಡಿಗಿಂತ ಜಾಸ್ತಿ ಸಿಕ್ಕಿತು. ದುಡಿದವರಿಗೆ ಒಂದು ಕಾಸಿಲ್ಲ. ಆ ಪರಿಹಾರಕ್ಕೆ ಸರ್ಕಾರ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಕೆರಿಬಿಯನ್ನಿನಿಂದ ಬಂದು ಲಂಡನ್ನಿನಲ್ಲಿ ಬಸ್ಸು ಓಡಿಸಿದವರು, ಆಸ್ಪತ್ರೆಗಳಲ್ಲಿ ರಾತ್ರಿಪಾಳಿ ಮಾಡಿದವರು, ತಮ್ಮ ಮುತ್ತಾತಂದಿರನ್ನು ದುಡಿಸಿದ ಒಡೆಯರ ಪರಿಹಾರಕ್ಕೆ ತೆರಿಗೆ ಕಟ್ಟಿದರು. ಚರ್ಚಿನ ಮಹಾಸಭೆ 2006ರಲ್ಲಿ ಕ್ಷಮೆ ಕೇಳಿತು. ಇದರಲ್ಲಿ ಹಾಸ್ಯ ಹುಡುಕೋಕೆ ನನಗೆ ಆಗೋದಿಲ್ಲ. ಸಾಕಾಗಿದೆ.

ಕ್ರೈಸ್ತರನ್ನೇ ಯಾಕೆ ಹಿಡಿದುಕೊಂಡೆ ಅಂತೀರಾ? ಅವರು ಲೆಕ್ಕ ಬರೆದಿಡ್ತಾರೆ, ಅದಕ್ಕೆ ಸಿಕ್ಕಿಬೀಳ್ತಾರೆ. ಶಾಸ್ತ್ರ ಎಲ್ಲರ ಹತ್ತಿರವೂ ಚೆನ್ನಾಗೇ ಇದೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡು ಅಂತ ಯಹೂದಿಗಳ ತೋರಾ ಹೇಳುತ್ತೆ. ಬೆವರು ಆರುವ ಮೊದಲು ಕೊಡು ಅಂತ ಪ್ರವಾದಿ ಮುಹಮ್ಮದರ ಮಾತಿದೆ. 2016ರಲ್ಲಿ ಮೆಕ್ಕಾದಲ್ಲೇ, ತಿಂಗಳುಗಟ್ಟಲೆ ಸಂಬಳ ಕಾಣದ ಕಟ್ಟಡ ಕೆಲಸಗಾರರು ಕಂಪನಿಯ ಬಸ್ಸುಗಳಿಗೆ ಬೆಂಕಿ ಹಚ್ಚಿದರು. ನಮ್ಮವರೇನು ಕಮ್ಮಿ? 2021ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಭವ್ಯ ಹಿಂದೂ ದೇವಾಲಯ ಕಟ್ಟಲು ಬಂದಿದ್ದ ಕೆಲಸಗಾರರು ಕೋರ್ಟಿಗೆ ಹೋದರು. ಧಾರ್ಮಿಕ ಕೆಲಸದ ವೀಸಾದಲ್ಲಿ ಕರೆತಂದು ಗಂಟೆಗೆ ಸುಮಾರು 1.20 ಡಾಲರಿಗೆ ಕಲ್ಲಿನ ಕೆಲಸ ಮಾಡಿಸಿದರು ಅನ್ನೋದು ಅವರ ಆರೋಪ. ಸಂಸ್ಥೆ ಅಲ್ಲಗಳೆಯಿತು, ಅವರೆಲ್ಲ ಸ್ವಯಂಸೇವಕರು ಅಂದಿತು. ಕ್ರಿಮಿನಲ್ ತನಿಖೆ ಆರೋಪಪಟ್ಟಿ ಇಲ್ಲದೆ ಮುಗಿಯಿತು. ಆಗಲಿ. ನನ್ನದು ಒಂದೇ ಕುತೂಹಲ: ಈ ಸ್ವಯಂಸೇವೆಯ ಹುಮ್ಮಸ್ಸು ಯಾವಾಗಲೂ ಕಲ್ಲು ಕೆತ್ತೋ ಬಡವರಿಗೇ ಯಾಕೆ ಬರುತ್ತೆ? ಸಿಮೆಂಟು ಮಾರೋರಿಗೆ ಯಾಕೆ ಬರೋದಿಲ್ಲ?

ಕೆಲಸ ಮಾಡಿದವರು ಇಲ್ಲ ಅಂತಲ್ಲ. ಎಡ್ನಾ ರೂತ್ ಬೈಲರ್ ಅಂತ ಮೆನ್ನೊನೈಟ್ ಅನ್ನೋ ಕ್ರೈಸ್ತ ಪಂಥದ ಒಬ್ಬ ಹೆಂಗಸು 1946ರಲ್ಲಿ ಪೋರ್ಟೊ ರಿಕೋಗೆ ಹೋದಾಗ ಬಡ ಹೆಂಗಸರು ಹಾಕಿದ ಕಸೂತಿ ಕಂಡರು. ತಂದು ಕಾರಿನ ಡಿಕ್ಕಿಯಲ್ಲಿಟ್ಟು ಮಾರಿದರು. ಫೇರ್ ಟ್ರೇಡ್, ಅಂದರೆ ಬೆಳೆದವರಿಗೆ, ಮಾಡಿದವರಿಗೆ ನ್ಯಾಯವಾದ ಬೆಲೆ ಕೊಡೋ ವ್ಯಾಪಾರದ ಅಂಗಡಿಗಳ ಒಂದು ದೊಡ್ಡ ಸಾಲು ಆ ಡಿಕ್ಕಿಯಿಂದಲೇ ಹುಟ್ಟಿತು. ಫ್ರಾನ್ಸ್ ವಾನ್ ಡೆರ್ ಹಾಫ್ ಅನ್ನೋ ಡಚ್ ಪಾದ್ರಿ ಮೆಕ್ಸಿಕೋದ ವಾಹಾಕದಲ್ಲಿ ಕಾಫಿ ಬೆಳೆಗಾರರ ಜೊತೆಗೇ ಬದುಕಿದರು. 1988ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಮೊದಲ ಫೇರ್ ಟ್ರೇಡ್ ಮುದ್ರೆ ಬಂದದ್ದರ ಹಿಂದೆ ಅವರಿದ್ದರು. ಅಮೆರಿಕದ ಸನ್ಯಾಸಿನಿಯರಂತೂ ಬಂದೂಕು ಕಂಪನಿಯ ಷೇರನ್ನೇ ಕೊಂಡರು. ಷೇರು ಇಲ್ಲದೆ ಕಂಪನಿಯ ಸಭೆಯಲ್ಲಿ ಬಾಯಿ ತೆರೆಯೋ ಹಾಗಿಲ್ಲವಲ್ಲ. 2018ರಲ್ಲಿ ರೂಗರ್ ಕಂಪನಿಯ ಷೇರುದಾರರು ಅವರ ಗುಂಪಿನ ಪ್ರಸ್ತಾವಕ್ಕೇ ಓಟು ಹಾಕಿದರು, ತನ್ನ ಬಂದೂಕುಗಳು ಮಾಡೋ ಅನಾಹುತದ ಬಗ್ಗೆ ಕಂಪನಿಯೇ ವರದಿ ಬರೆಯಬೇಕಾಯ್ತು. ಇವರಲ್ಲಿ ಯಾರೂ ಪರ್ಸೆಂಟೇಜ್ ಕೇಳಲಿಲ್ಲ.

ಇಂಗ್ಲೆಂಡಿನಲ್ಲೂ ಇಂಥವರಿದ್ದರು. ಟ್ರೇಡ್‌ಕ್ರಾಫ್ಟ್ ಅಂತ 1979ರಲ್ಲಿ ಕ್ರೈಸ್ತರೇ ಕಟ್ಟಿದ ಕಂಪನಿ. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿಂಬದಿಯಲ್ಲಿ ಒಂದು ಮೇಜು ಹಾಕಿಕೊಂಡು, ಬಡ ದೇಶಗಳ ಕಾಫಿ, ಚಹಾ, ಕರಕುಶಲ ವಸ್ತು ಮಾರೋರು. ಮಾರುತ್ತಿದ್ದವರು ಚರ್ಚಿಗೆ ಬರೋ ಸಾಮಾನ್ಯ ಜನ, ಸಂಬಳ ಇಲ್ಲದೆ. 10 ಕೋಟಿ ಪೌಂಡಿನ ಘೋಷಣೆ ಬಂದ ಅದೇ ತಿಂಗಳು, 2023ರ ಜನವರಿಯಲ್ಲಿ, ಆ ಕಂಪನಿ ಬಾಗಿಲು ಹಾಕಿತು.

ಹಾಗಂತ ಅಲ್ಲಿ ನ್ಯಾಯಕ್ಕೆ ಬರ ಬಂದಿಲ್ಲ, ಗಾಬರಿ ಬೇಡ. ಬ್ರಿಟನ್ನಿನಲ್ಲಿ ಚರ್ಚುಗಳಿಗೆ ‘ಫೇರ್‌ಟ್ರೇಡ್ ಚರ್ಚು’ ಅನ್ನೋ ಪಟ್ಟ ಸಿಗುತ್ತೆ. ಮೂರೇ ಷರತ್ತು. ಪ್ರಾರ್ಥನೆ ಆದಮೇಲೆ, ಸಭೆಗಳಲ್ಲಿ, ಮುದ್ರೆ ಇರೋ ಚಹಾ ಕಾಫಿಯನ್ನೇ ಕೊಡಬೇಕು. ಸಕ್ಕರೆ, ಬಿಸ್ಕತ್ತಿನಂಥ ಬೇರೆ ಸಾಮಾನಿನ ಕಡೆಗೂ ಮುಂದುವರಿಯಬೇಕು. ವರ್ಷಕ್ಕೊಮ್ಮೆ ಬರೋ ಹದಿನಾಲ್ಕು ದಿನದ ಫೇರ್‌ಟ್ರೇಡ್ ಪಕ್ಷದಲ್ಲಿ ಪ್ರಚಾರ ಮಾಡಬೇಕು, ಸಾಧ್ಯವಾದರೆ ಬೇರೆ ದಿನಗಳಲ್ಲೂ. ಅಷ್ಟೇ. ಗೋಡೆಗೆ ಪ್ರಮಾಣಪತ್ರ ತೂಗುಹಾಕಬಹುದು. ಕಾಫಿ ಬೀಜ ಬೆಳೆದವನಿಗೆ ಸರಿಯಾದ ಬೆಲೆ ಸಿಕ್ಕಿರಬೇಕು ಅಂತ ಅದರಲ್ಲಿದೆ. ಆಮೇಲೆ ಆ ಕಪ್ಪುಗಳನ್ನು ತೊಳೆದು, ನೆಲ ಒರೆಸಿ, ಬೀಗ ಹಾಕಿ ಹೋಗುವವರಿಗೆ ಎಷ್ಟು ಕೊಡ್ತೀರಿ ಅಂತ ಆ ಮೂರರಲ್ಲಿ ಒಂದೂ ಕೇಳೋದಿಲ್ಲ.