ಖಡಕವಾಸಲಾದಲ್ಲಿ ಬಿಟ್ಟ ನೀರು ನಮ್ಮೂರಿಗೂ ಬರುತ್ತದೆ

ಪುಣೆಯಲ್ಲಿ ಗಾರೆ, ಸೆಂಟ್ರಿಂಗ್ ಕೆಲಸ ಮಾಡುವ ನಮ್ಮ ಕಲಬುರಗಿ, ವಿಜಯಪುರ ಕಡೆಯವರಲ್ಲಿ ಒಂದು ರೂಢಿಯಿದೆ. ಸಿಂಹಗಡ ರಸ್ತೆಯ ಕಡೆ ಬಿಡದೆ ಮಳೆ ಹೊಡೆದರೆ ಊರಿಗೆ ಫೋನ್ ಹಚ್ಚುತ್ತಾರೆ. "ಹೊಳಿ ಏರ್ತದ, ಮೋಟರ್ ಮ್ಯಾಲ ತಗೀರಿ." ಭೀಮಾತೀರದಲ್ಲಿ ನನಗೆ ಗೊತ್ತಿರುವ ಎಷ್ಟೋ ಮನೆಗಳಿಗೆ ಪ್ರವಾಹದ ಮೊದಲ ಸುದ್ದಿ ಮುಟ್ಟುವುದು ಹೀಗೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನಗೆ ಇದು ಹೆಮ್ಮೆಯ ವಿಷಯವೂ ಹೌದು, ಸಿಟ್ಟಿನ ವಿಷಯವೂ ಹೌದು.

ನೀರಿನ ದಾರಿ ನೋಡಿ. ಪುಣೆಯ ಮೇಲ್ಗಡೆಯ ಪಾನಶೇತ್, ವರಸಗಾಂವ್, ಟೇಮಘರ್ ಅಣೆಕಟ್ಟುಗಳು ತುಂಬಿದರೆ ಖಡಕವಾಸಲಾ ಅಣೆಕಟ್ಟಿನಿಂದ ಮುಠಾ ನದಿಗೆ ಬಿಡುತ್ತಾರೆ. ಅದು ಮುಳಾ ಸೇರಿ, ಭೀಮೆ ಸೇರಿ ಉಜನಿ ಅಣೆಕಟ್ಟಿಗೆ ಹೋಗುತ್ತದೆ. ಉಜನಿಯ ಕೆಳಗೆ ನರಸಿಂಗಪುರದಲ್ಲಿ ನೀರಾ ನದಿ ವೀರ್ ಅಣೆಕಟ್ಟಿನ ನೀರು ಹೊತ್ತು ತರುತ್ತದೆ. ಪಂಢರಪುರ ದಾಟಿದ ಮೇಲೆ ಸೀನಾ ಕೂಡುತ್ತದೆ. ಆಮೇಲೆ ನಮ್ಮ ಸೊನ್ನ ಬ್ಯಾರೇಜ್, ಅಫಜಲಪುರ, ದೇವಲ ಗಾಣಗಾಪುರ. ಈ ಪಯಣಕ್ಕೆ ಗಂಟೆಗಳಲ್ಲ, ದಿನಗಳೇ ಬೇಕು. ಭೂಕಂಪ ಅಷ್ಟು ಸಮಯ ಕೊಡುವುದಿಲ್ಲ. ಹೊಳೆ ಕೊಡುತ್ತದೆ. 2020ರ ಅಕ್ಟೋಬರ್‌ನಲ್ಲಿ ಮೇಲಿನಿಂದ ಬಿಟ್ಟ ನೀರಿಗೆ ಸೊಲ್ಲಾಪುರದ ಮಳೆಯೂ ಸೇರಿ ತೊಗರಿ, ಕಬ್ಬು ಎಲ್ಲಾ ನೀರುಪಾಲಾದಾಗಲೂ ಒಂದಿಷ್ಟು ಸಮಯ ಇತ್ತು.

ಅಂಕಿಗಳಿಲ್ಲ ಎಂದಲ್ಲ. ಇವೆ. ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ) ನೀರು ಬಿಟ್ಟರು ಎಂಬ ಚೀಟಿಯ ಫೋಟೋ ವಾಟ್ಸಪ್‌ನಲ್ಲಿ ಓಡಾಡುತ್ತದೆ. ಒಂದು ಕಡೆ ಮರಾಠಿಯ ಪಿಡಿಎಫ್, ಇನ್ನೊಂದು ಕಡೆ ಕನ್ನಡದ ಪ್ರಕಟಣೆ. ಒಬ್ಬರು ಸಂಗ್ರಹವನ್ನು ಟಿಎಂಸಿಯಲ್ಲಿ ಹೇಳಿದರೆ ಇನ್ನೊಬ್ಬರು ನೀರಿನ ಮಟ್ಟವನ್ನು ಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಉಜನಿ, ವೀರ್, ಸೀನಾ ಮೂರನ್ನೂ ಕೂಡಿಸಿ ನಾಡಿದ್ದು ಸೊನ್ನದಲ್ಲಿ ಎಷ್ಟು ಎಂದು ಲೆಕ್ಕ ಹಾಕಬೇಕಾದ ಕಂಪ್ಯೂಟರಿಗೆ ಫೋಟೋ ಯಾವ ಪ್ರಯೋಜನಕ್ಕೂ ಬಾರದು. ನನ್ನ ವಾದ ಇಷ್ಟೇ: ಓಪನ್ ಸೋರ್ಸ್ ಎಂದರೆ ಕೋಡ್ ಮುಕ್ತವಾಗಿದ್ದರೆ ಸಾಲದು. ಅಣೆಕಟ್ಟಿನ ಗೇಟಿನ ಬಳಿ ಹುಟ್ಟುವ ಅಂಕಿಯೇ, ಎರಡೂ ರಾಜ್ಯಗಳಿಗೆ ಒಂದೇ ಮಾದರಿಯಲ್ಲಿ, ಗಂಟೆಗಂಟೆಗೆ, ಯಾರ ಅನುಮತಿಯೂ ಬೇಡದೆ ಸಿಗಬೇಕು.

ಜಗತ್ತಿನಲ್ಲಿ ಈ ಕೆಲಸ ಮಾಡಿದವರಿದ್ದಾರೆ. 2004ರ ಸುನಾಮಿಯ ಬೆನ್ನಲ್ಲೇ ಶ್ರೀಲಂಕಾದ ಪ್ರೋಗ್ರಾಮರ್‌ಗಳು ಪರಿಹಾರ ಕೆಲಸ ನಿಭಾಯಿಸುವ ಸಹನಾ ಎಂಬ ತಂತ್ರಾಂಶ ಕಟ್ಟಿದರು. 2008ರಲ್ಲಿ ಚುನಾವಣಾ ಹಿಂಸಾಚಾರದ ನಡುವೆ ಜನರ ವರದಿಗಳನ್ನು ನಕಾಶೆಯ ಮೇಲೆ ತೋರಿಸುವ ಉಷಾಹಿದಿ ಕೀನ್ಯಾದಲ್ಲಿ ಹುಟ್ಟಿತು. 2010ರ ಹೈಟಿ ಭೂಕಂಪದಲ್ಲಿ ನೆರವು ಕೇಳಿ 4636 ಎಂಬ ನಂಬರಿಗೆ ಬಂದ ಕ್ರಿಯೋಲ್ ಭಾಷೆಯ ಎಸ್ಸೆಮ್ಮೆಸ್‌ಗಳನ್ನು ದೂರದೇಶಗಳಲ್ಲಿದ್ದ ಹೈಟಿಯವರೇ ಕೂತು ಅನುವಾದಿಸಿದರು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕಾಶೆಯ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಪೋರ್ಟ್-ಓ-ಪ್ರಿನ್ಸ್‌ನ ಬೀದಿಗಳನ್ನು ಗೆರೆ ಎಳೆದು ತುಂಬಿಸಿದರು. ನಮ್ಮಲ್ಲೂ ಕೋವಿಡ್19ಇಂಡಿಯಾ ತಂಡ ರಾಜ್ಯಗಳ ಬುಲೆಟಿನ್‌ಗಳನ್ನು ದಿನವೂ ಹೆಕ್ಕಿ ಮುಕ್ತ ದತ್ತಾಂಶವಾಗಿಸಿತು, 2021ರ ಅಕ್ಟೋಬರ್‌ವರೆಗೆ. ಅವರ ಮೇಲೆ ನನಗೆ ಅಪಾರ ಗೌರವ. ಆದರೆ ಇವೆಲ್ಲ ಅನಾಹುತ ಆದ ಮೇಲೆ ಓಡೋಡಿ ಕಟ್ಟಿದ ಅಥವಾ ತುಂಬಿದ ವ್ಯವಸ್ಥೆಗಳು. ಬಿಕ್ಕಟ್ಟು ಬಡವರ ಮನೆ ಮುಟ್ಟಿದ್ದು ವರ್ಷಗಳ ನಂತರದ ಸಮೀಕ್ಷೆಯಲ್ಲಿ ಗೊತ್ತಾಗಬಾರದು ಎಂಬ ಯೋಚನೆಯಿಂದಲೇ ವಿಶ್ವಸಂಸ್ಥೆ 2009ರಲ್ಲಿ ಗ್ಲೋಬಲ್ ಪಲ್ಸ್ ಎಂಬ ದತ್ತಾಂಶ ಯೋಜನೆ ಶುರುಮಾಡಿದ್ದು.

ಆದ್ದರಿಂದ ಹೊಸದೊಂದು ಆ್ಯಪ್ ಮಾಡೋಣ ಎನ್ನುವ ಗೆಳೆಯರಿಗೆ ನಾನು ಬೇಡ ಎನ್ನುತ್ತೇನೆ. ನಮ್ಮ ಗಾರೆ ಕೆಲಸದವನ ಫೋನ್ ಕರೆಯನ್ನೇ ನೋಡಿ ವಿನ್ಯಾಸ ಮಾಡಿ. ಅದರಲ್ಲಿ ಕ್ಯೂಸೆಕ್ ಇಲ್ಲ. ಏನು ಮಾಡಬೇಕು ಎಂಬುದಿದೆ. ಕೇಳುವವನ ಭಾಷೆಯಲ್ಲಿದೆ. ಹೇಳಿದವನು ಯಾರೆಂದು ಗೊತ್ತಿದೆ, ಹಾಗಾಗಿ ನಂಬಿಕೆಯಿದೆ. ವ್ಯವಸ್ಥೆಯೂ ಆ ನಂಬಿಕೆ ಗಳಿಸಬೇಕಾದರೆ ಹಿಂದಿನ ಮುನ್ಸೂಚನೆ ಎಷ್ಟು ಸರಿಯಿತ್ತು, ಎಷ್ಟು ತಪ್ಪಿತ್ತು ಎಂಬುದನ್ನೂ ತೆರೆದಿಡಬೇಕು. ಆದರೆ ನೆರೆಯಲ್ಲಿ ಸಿಕ್ಕಿಬಿದ್ದವರ ಹೆಸರು, ಫೋನ್ ನಂಬರ್ ಮಾತ್ರ ಮುಕ್ತ ನಕಾಶೆಯಲ್ಲಿ ಕಾಣಬಾರದು. ಅದು ರಕ್ಷಣಾ ತಂಡಕ್ಕಷ್ಟೇ.

ಪುಣೆಯಲ್ಲಿ ಮರಾಠಿ, ಕನ್ನಡ ಎರಡೂ ಬಲ್ಲ, ಕೋಡ್ ಬರೆಯಬಲ್ಲ ನಮ್ಮವರು ಎಷ್ಟೊಂದು ಜನರಿದ್ದಾರೆ! ವಾರದಲ್ಲೊಂದು ಸಂಜೆ ಕೊಡಿ. ಅಫಜಲಪುರ, ಇಂಡಿ, ಜೇವರ್ಗಿ ಕಡೆಯವರು 2020ರ ನೀರು ನಿಮ್ಮೂರಲ್ಲಿ ಎಲ್ಲಿವರೆಗೆ ಬಂದಿತ್ತು ಎಂದು ಕೆಳಗೆ ಬರೆಯಿರಿ: ಗುಡಿಯ ಎಷ್ಟನೇ ಮೆಟ್ಟಿಲು, ಶಾಲೆಯ ಯಾವ ಗೋಡೆ, ಯಾವ ಓಣಿ. ಆ ಗುರುತುಗಳನ್ನು ಸೊನ್ನದ ಅಂದಿನ ಹರಿವಿನ ಜೊತೆ ಹೊಂದಿಸಿ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ನಕಾಶೆಯಲ್ಲಿ ಕೂರಿಸುವ ಕೆಲಸ ಮುಂದಿನ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು.