ಸರ್ಟಿಫಿಕೇಟ್ ಬಾಡಿಗೆಗೆ ಕೊಡಬೇಡಿ ಮಕ್ಕಳೇ

ಬೆಳಿಗ್ಗೆಯಿಂದ ಮನಸ್ಸು ಸರಿ ಇಲ್ಲ. ಬರೆಯದೆ ಇದ್ದರೆ ರಾತ್ರಿ ನಿದ್ದೆ ಬರಲಿಕ್ಕಿಲ್ಲ. ಉದ್ದ ಆಗುತ್ತದೆ, ಆದರೂ ಓದಿ.

ನಮ್ಮ ಕಾಸರಗೋಡಿನ ಪೆರ್ಲದ ಕಡೆಯ ಒಬ್ಬ ಹುಡುಗ ಈಗಷ್ಟೇ ಎಲೆಕ್ಟ್ರಿಕಲ್‌ನಲ್ಲಿ ಬಿ.ಟೆಕ್ ಮುಗಿಸಿದ್ದಾನೆ. ಅವರ ಮನೆಯಲ್ಲಿ ಇವನೇ ಮೊದಲ ಇಂಜಿನಿಯರ್. ಇವತ್ತು ಸ್ವೀಟ್ ಹಿಡಿದುಕೊಂಡು ಬಂದ. "ಅಕ್ಕ, ಕೆಲಸ ಸಿಕ್ಕಿತು" ಅಂದ. ನನಗೆ ತುಂಬಾ ಖುಷಿ ಆಯಿತು. ಎಲ್ಲಿ, ಯಾವಾಗ ಸೇರಬೇಕು ಅಂತ ಕೇಳಿದೆ.

"ಹೋಗ್ಲಿಕ್ಕೇನೂ ಇಲ್ಲ ಅಕ್ಕ. ನನ್ನ ಸರ್ಟಿಫಿಕೇಟ್ ಅವರ ಆಫೀಸಿನಲ್ಲಿ ಇದ್ದರೆ ಸಾಕಂತೆ. ಅನುಭವದ ಕಾಗದ ಅವರೇ ಕೊಡ್ತಾರೆ. ಸೂಪರ್‌ವೈಸರ್ ಲೈಸೆನ್ಸ್ ಆದ ಮೇಲೆ ಅವರು ಹೇಳಿದ ಕಡೆ ಸಹಿ ಹಾಕಿದರೆ ಆಯ್ತು. ತಿಂಗಳು ತಿಂಗಳು ದುಡ್ಡು ಬರ್ತದೆ. ಮನೆಯಲ್ಲೇ ಕೂತು ಪಿಎಸ್‌ಸಿಗೆ ಓದಬಹುದು."

ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ. ಇದು ತಪ್ಪು ಅಂತ ಅವನಿಗೆ ಯಾರೂ ಹೇಳಿಯೇ ಇಲ್ಲ. ಅವನ ಅಮ್ಮನಿಗೂ ಸಮಾಧಾನ ಆಗಿದೆಯಂತೆ, ಮಗ ಊರಲ್ಲೇ ಇರುತ್ತಾನೆ ಅಂತ. ನನ್ನ ಸಿಟ್ಟು ಅವನ ಮೇಲೆ ಅಲ್ಲ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಮೊದಲ ಕೆಲಸ ಅಂತ ಇದನ್ನು ಕೊಡುವವರ ಮೇಲೆ.

"ನಾನು ಇಂಜಿನಿಯರ್ ತಾನೇ ಅಕ್ಕ, ಮತ್ತೆ ಲೈಸೆನ್ಸ್ ಯಾಕೆ?" ಅಂತಲೂ ಕೇಳಿದ. ಒಳ್ಳೆಯ ಪ್ರಶ್ನೆ. ಕಾಲೇಜಿನಲ್ಲಿ ಟ್ರಾನ್ಸ್‌ಫಾರ್ಮರ್, ಮೋಟರ್, ಪವರ್ ಸಿಸ್ಟಮ್ ಎಲ್ಲ ಕಲಿಸುತ್ತಾರೆ, ಇದನ್ನು ಮಾತ್ರ ಹೇಳುವುದಿಲ್ಲ. ನಮ್ಮ ದೇಶದಲ್ಲಿ ಡಾಕ್ಟರಿಗೋ ವಕೀಲರಿಗೋ ಇರುವ ಹಾಗೆ ಇಂಜಿನಿಯರಿಗೆ ಅಂತಲೇ ಒಂದು ಲೈಸೆನ್ಸ್ ಇಲ್ಲ. ಅಮೆರಿಕದಲ್ಲಿ ಪದವಿ ಆದ ಮೇಲೆ ಎಫ್‌ಇ ಅಂತ ಒಂದು ಪರೀಕ್ಷೆ, ಆಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷದ ಅನುಭವ, ಮತ್ತೆ ಪಿಇ ಪರೀಕ್ಷೆ. ಅದು ಪಾಸಾದರೆ ಮಾತ್ರ ಡ್ರಾಯಿಂಗ್ ಮೇಲೆ ಸೀಲು. ನಮ್ಮಲ್ಲಿ ಲೈಸೆನ್ಸ್ ಇರುವುದು ವಯರಿಂಗ್ ಮತ್ತು ಇನ್‌ಸ್ಟಾಲೇಷನ್ ಕೆಲಸಕ್ಕೆ. ಕಂಟ್ರಾಕ್ಟರಿಗೆ ಲೈಸೆನ್ಸ್, ಸೂಪರ್‌ವೈಸರಿಗೆ ಕಾಂಪಿಟೆನ್ಸಿ ಸರ್ಟಿಫಿಕೇಟ್, ವಯರ್‌ಮನ್‌ಗೆ ಪರ್ಮಿಟ್. ಕೇರಳದಲ್ಲಿ ಕೊಡುವುದು ತಿರುವನಂತಪುರದಲ್ಲಿರುವ ರಾಜ್ಯ ಇಲೆಕ್ಟ್ರಿಸಿಟಿ ಲೈಸೆನ್ಸಿಂಗ್ ಬೋರ್ಡ್. ತಲಪಾಡಿ ದಾಟಿದರೆ ಆ ಕಡೆಯ ಕೆಲಸ ಕರ್ನಾಟಕದ ವಿದ್ಯುತ್ ಪರಿವೀಕ್ಷಣಾಲಯದ ಅಡಿಯಲ್ಲಿ ಬರುತ್ತದೆ.

ಇದು ಇತ್ತೀಚಿನ ಕಾನೂನೇನೂ ಅಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಲ್ಲೇ ಬಂದ ಭಾರತೀಯ ವಿದ್ಯುತ್ ನಿಯಮಗಳಲ್ಲೂ ಇದು ಇತ್ತು. 2010ರ ಸುರಕ್ಷತಾ ನಿಯಮಗಳಲ್ಲಿ ಮುಂದುವರಿಯಿತು, 2023ರಲ್ಲಿ ಅವೂ ಹೊಸದಾಗಿ ಬಂದವು. ಬಲ್ಬ್, ಫ್ಯಾನ್, ಫ್ಯೂಸ್ ಬದಲಿಸುವಂಥ ಸಣ್ಣ ಕೆಲಸ ಬಿಟ್ಟು ಉಳಿದದ್ದನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರೇ ಮಾಡಿಸಬೇಕು, ಕಾಂಪಿಟೆನ್ಸಿ ಸರ್ಟಿಫಿಕೇಟ್ ಇರುವವರು ಎದುರಲ್ಲೇ ನಿಂತು ನೋಡಿಕೊಳ್ಳಬೇಕು. ಪೆರ್ಲದಲ್ಲಿ ಕೂತು ಪಿಎಸ್‌ಸಿಗೆ ಓದುವ ಹುಡುಗ ಬದಿಯಡ್ಕದ ಮನೆಯನ್ನು ಹೇಗೆ ನೋಡಿಕೊಳ್ಳುತ್ತಾನೆ?

ಒಂದು ಸಹಿಯಿಂದ ಏನಾಗುತ್ತದೆ ಅಂತ ಕೇಳುವವರಿಗೆ ಸ್ವಲ್ಪ ಲೆಕ್ಕ ಹೇಳುತ್ತೇನೆ.

ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ನೀರು ಕುಡಿದು ನಿಲ್ಲುತ್ತದೆ, ಏಪ್ರಿಲ್‌ನಲ್ಲಿ ಒಣಗಿ ಹೋಗುತ್ತದೆ. ಒಣ ಮುರಕಲ್ಲಿನಲ್ಲಿ ಒಳ್ಳೆ ಅರ್ತಿಂಗ್ (ಲೀಕ್ ಆದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಸಿಗುವುದು ಸುಲಭ ಅಲ್ಲ. ಎರಡೂವರೆ ಮೀಟರ್ ಪೈಪ್ ಇಳಿಸಬೇಕಾದಲ್ಲಿ ಕಲ್ಲು ತಾಗಿತು ಅಂತ ಅರ್ಧಕ್ಕೆ ನಿಲ್ಲಿಸಿ, ಮೇಲೆ ಸಿಮೆಂಟ್ ಹಾಕಿ, ಚಂದ ಮುಚ್ಚಳ ಇಡುತ್ತಾರೆ. ಅಳೆದು ನೋಡಿದರೆ ಅರ್ತಿಂಗ್‌ನ ರೆಸಿಸ್ಟೆನ್ಸ್ ಇಪ್ಪತ್ತು ಓಮ್ ಬಂತು ಎಂದಿಟ್ಟುಕೊಳ್ಳಿ. ವಾಷಿಂಗ್ ಮಷೀನ್ ಒಳಗೆ ಕರೆಂಟ್ ಇರುವ ಫೇಸ್ ವಯರ್ ಒಂದು ಮಷೀನಿನ ಲೋಹದ ಬಾಡಿಯನ್ನು ತಾಗಿತು. 230 ವೋಲ್ಟನ್ನು 20ರಿಂದ ಭಾಗಿಸಿ. 11.5 ಆಂಪಿಯರ್. 16 ಆಂಪಿಯರ್‌ನ ಎಂಸಿಬಿಗೆ (ಜಾಸ್ತಿ ಕರೆಂಟ್ ಹರಿದರೆ ಬೀಳುವ ಸ್ವಿಚ್) ಅದು ಮಾಮೂಲಿ ಲೋಡ್. ಅದು ಬೀಳುವುದೇ ಇಲ್ಲ. ಮಷೀನ್ ತಿರುಗುತ್ತಿರುತ್ತದೆ, ಬಾಡಿಯಲ್ಲಿ ಕರೆಂಟ್ ಇರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಬಟ್ಟೆ ತೆಗೆಯಲು ಕೈ ಹಾಕುವವರು ಯಾರು? ಮನೆಯ ಹೆಂಗಸರು, ಮಕ್ಕಳು.

ಇಲ್ಲಿ ಜೀವ ಉಳಿಸುವುದು ಇಎಲ್‌ಸಿಬಿ. 30 ಮಿಲಿ ಆಂಪಿಯರ್ ಲೀಕ್ ಆದರೆ ಸಾಕು, ಕಟ್ ಮಾಡುತ್ತದೆ. ಆದರೆ ಮಳೆಗಾಲದಲ್ಲಿ ಹೊರಗಿನ ಲೈಟಿಗೆ ನೀರು ಹೋಗಿ ಅದು ಪದೇ ಪದೇ ಬೀಳುತ್ತದೆ, ಅಲ್ವಾ? ಮನೆಯವರು ಫೋನ್ ಮಾಡುತ್ತಾರೆ. ಯಾರೋ ಬಂದು ಬೈಪಾಸ್ ಮಾಡಿ ಹೋಗುತ್ತಾರೆ. ಬಾಕ್ಸ್ ಒಳಗೆ ಇಎಲ್‌ಸಿಬಿ ಇದೆ, ಕೆಲಸ ಮಾತ್ರ ಮಾಡುವುದಿಲ್ಲ. ಇನ್ನೊಂದು ವಿಷಯ. ಅದರಲ್ಲಿರುವ ಟೆಸ್ಟ್ ಬಟನ್ ಒತ್ತಿದಾಗ ಬಿತ್ತು ಅಂದರೆ ಇಎಲ್‌ಸಿಬಿ ಸರಿ ಇದೆ ಅಂತ ಮಾತ್ರ ಅರ್ಥ. ಅರ್ತಿಂಗ್ ಸರಿ ಇದೆ ಅಂತ ಅಲ್ಲ. ಅದನ್ನು ಮೀಟರ್ ಇಟ್ಟೇ ಅಳೆಯಬೇಕು. ಅಳೆಯುವವನು ಆ ಮನೆಗೆ ಹೋಗಲೇಬೇಕು.

ನಾನು ಕಲಿತದ್ದು ಒಬ್ಬರು ಹಿರಿಯ ಸೂಪರ್‌ವೈಸರ್ ಹಿಂದೆ ತಿರುಗಿ. ಮಲಯಾಳ ಮಾತ್ರ ಮಾತಾಡುವವರು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು, ಆಗ ಮಲಯಾಳ ಓದಲು ತಿಣುಕುತ್ತಿದ್ದೆ. ಸುತ್ತೋಲೆಗಳನ್ನು ಅವರೇ ಓದಿ ಬಿಡಿಸಿ ಹೇಳುತ್ತಿದ್ದರು. ವಯರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ನನ್ನ ಕೈಗೇ ಕೊಡುತ್ತಿದ್ದರು. ಒಂದು ಸಲ ಉಪ್ಪಳದಲ್ಲಿ ಒಂದು ಹೊಸ ಮನೆ. ಪೇಂಟ್ ಎಲ್ಲ ಆಗಿತ್ತು, ಒಕ್ಕಲು ಹತ್ತಿರ ಬಂದಿತ್ತು. ಅಡುಗೆಮನೆಯ ಲೈನಿಗೆ 500 ವೋಲ್ಟ್ ಕೊಟ್ಟು ನೋಡಿದರೆ ಇನ್ಸುಲೇಷನ್ 1 ಮೆಗಾ ಓಮ್ ಆದರೂ ಇರಬೇಕಾದಲ್ಲಿ ಅದರ ಕಾಲು ಭಾಗವೂ ಇಲ್ಲ. ಮನೆಯವರು "ಲೈಟ್ ಉರೀತದಲ್ಲ, ಮತ್ತೇನು?" ಅಂತ ಜೋರು ಮಾಡಿದರು. ಆ ಹಿರಿಯ ಸೂಪರ್‌ವೈಸರ್ ಒಂದು ಮಾತೂ ಆಡದೆ ಗೋಡೆಗೆ ಕೂರಿಸಿದ್ದ ಕಪಾಟು ಬಿಚ್ಚಿಸಿದರು. ಆಚಾರಿಯ ಸ್ಕ್ರೂ ಗೋಡೆಯೊಳಗಿನ ಪೈಪನ್ನು ತೂತು ಮಾಡಿ ವಯರಿಗೆ ತಾಗಿ ನಿಂತಿತ್ತು. ಬೇರೆ ವಯರ್ ಎಳೆದು ಮತ್ತೆ ಅಳೆದ ಮೇಲೆಯೇ ಸಹಿ ಹಾಕಿದ್ದು.

ಒಂದು ಮಾತು ಹೇಳಿಬಿಡುತ್ತೇನೆ. ಆ ಹುಡುಗನಿಗೆ ಬಂದಂಥ ಆಫರ್ ಆ ದಿನಗಳಲ್ಲಿ ನನಗೂ ಬಂದಿತ್ತು. ಆ ವರ್ಷ ಕೊಳೆರೋಗ ಬಂದು ನಮ್ಮ ತೋಟದ ಅಡಿಕೆ ಪೂರಾ ಉದುರಿತ್ತು. ಬ್ಯಾಂಕಿನ ಸಾಲ ಇತ್ತು. ಅಪ್ಪ ಏನೂ ಹೇಳುತ್ತಿರಲಿಲ್ಲ, ಆದರೆ ನನಗೆ ಕಾಣುತ್ತಿತ್ತು. ಆ ದುಡ್ಡು ನನಗೆ ನಿಜವಾಗಿ ಬೇಕಿತ್ತು. ಬೇಡ ಅಂತ ಹೇಳಿ ಬಂದು ರಾತ್ರಿಯಿಡೀ ಅತ್ತಿದ್ದೆ. ಅದಕ್ಕೇ ಈ ಹುಡುಗನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಮನೆಯ ಕಷ್ಟ ನೋಡಿಯೇ ಅವರು ಇಂಥ ಮಕ್ಕಳನ್ನು ಹುಡುಕುತ್ತಾರೆ.

ಈಗ ಕೆಲವರು ಹೇಳುವ ಮಾತು ನನಗೆ ಗೊತ್ತು. "ಊರಿನ ವಯರಿಂಗ್‌ನವರು ಎಷ್ಟೋ ವರ್ಷದಿಂದ ಮಾಡ್ತಾ ಇದ್ದಾರೆ. ಅವರ ಹತ್ತಿರ ಕಾಗದ ಇಲ್ಲ. ಯಾರದ್ದಾದರೂ ಸಹಿ ಇಲ್ಲದಿದ್ದರೆ ಅವರ ಹೊಟ್ಟೆಗೆ ಏನು ಗತಿ?" ಅವರಲ್ಲಿ ಎಷ್ಟೋ ಜನರ ಕೈ ನನಗಿಂತ ಚೆನ್ನಾಗಿದೆ, ಒಪ್ಪುತ್ತೇನೆ. ಹಾಗಾದರೆ ಅವರದ್ದೇ ಹೆಸರಿನಲ್ಲಿ ಪರ್ಮಿಟ್ ಆಗಲಿ. ಅರ್ಜಿ ತುಂಬಲು, ಓದಲು ನಾವು ಕಲಿತವರು ಸಹಾಯ ಮಾಡೋಣ. ಬಾಡಿಗೆ ಸಹಿ ಸಿಗುವವರೆಗೆ ಯಾವ ಕಂಟ್ರಾಕ್ಟರೂ ಅವರಿಗೆ ಪರ್ಮಿಟ್ ಮಾಡಿಸುವುದಿಲ್ಲ. ಪರ್ಮಿಟ್ ಆದರೆ ಕೂಲಿ ಜಾಸ್ತಿ ಕೊಡಬೇಕಲ್ಲ! ಅವರ ಹೊಟ್ಟೆಗೆ ಹೊಡೆಯುತ್ತಿರುವುದು ಇದೇ ಬಾಡಿಗೆ ಪದ್ಧತಿ.

"ಇಷ್ಟು ವರ್ಷ ಏನೂ ಆಗಿಲ್ಲವಲ್ಲ" ಅನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಆದ ಮನೆಗಳಿಗೆ ನಾನು ಹೋಗಿದ್ದೇನೆ.

ಆದಾಗ ಏನಾಗುತ್ತದೆ ಅಂತ ಹುಡುಗರಿಗೆ ಯಾರೂ ಹೇಳುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್‌ನಲ್ಲಿ ಇಂಥ ಅಪಘಾತದ ತನಿಖೆಗೆ ಅವಕಾಶ ಇದೆ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಬಂದರೆ ಮೊದಲು ಕೇಳುವುದು ಕಂಪ್ಲೀಷನ್ ರಿಪೋರ್ಟ್, ಅಂದರೆ ವಯರಿಂಗ್ ಸರಿಯಾಗಿ ಮುಗಿದಿದೆ ಅಂತ ಸಹಿ ಹಾಕಿ ಕೊಟ್ಟ ಕಾಗದ. ಅದರಲ್ಲಿ ಇರುವುದು ನಿನ್ನ ಹೆಸರು, ತಮ್ಮಾ. ತಿಂಗಳ ದುಡ್ಡು ಕೊಟ್ಟವರ ಹೆಸರಲ್ಲ.

ಕೆಲಸ ಇಲ್ಲ ಅನ್ನಬೇಡಿ. ಪೈವಳಿಕೆಯಲ್ಲಿ 50 ಮೆಗಾವ್ಯಾಟ್‌ನ ಸೋಲಾರ್ ಸ್ಥಾವರ 2020ರ ಡಿಸೆಂಬರ್ 31ರಂದು ಶುರುವಾಯಿತು. 2024ರಲ್ಲಿ ಮನೆಗಳ ಸೋಲಾರಿಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಮನೆಮನೆಯ ಮಾಡಿನ ಮೇಲೆ ಪ್ಯಾನೆಲ್ ಏರುತ್ತಿದೆ. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದರೆ ಡಿಸಿ ಕಡೆ ನೂರಾರು ವೋಲ್ಟ್ ಆಗುತ್ತದೆ. ಕನೆಕ್ಟರ್ ಸಡಿಲ ಇದ್ದರೆ ಹೊತ್ತಿಕೊಳ್ಳುವ ಆರ್ಕ್ (ಉರಿಯುತ್ತಲೇ ಇರುವ ಕಿಡಿ) ಎಸಿಯ ಹಾಗೆ ಸುಲಭಕ್ಕೆ ಆರುವುದಿಲ್ಲ. ಇದನ್ನೆಲ್ಲ ತಿಳಿದವರು ಊರಿಗೆ ಬೇಕು. ಹೊಸ ಇಂಜಿನಿಯರ್ ಮೊದಲ ಎರಡು ವರ್ಷ ಧೂಳು ತಿನ್ನಲಿ. ಸಬ್‌ಸ್ಟೇಷನ್‌ನಲ್ಲಿ ಲೈನ್ ಆಫ್ ಮಾಡಿ, ಟೆಸ್ಟ್ ಮಾಡಿ, ಅರ್ತ್ ರಾಡ್ ಹಾಕಿ, ಆಮೇಲೆ ಮುಟ್ಟುವುದನ್ನು ಕಣ್ಣಾರೆ ನೋಡಲಿ. ಸಂಬಳ ಕಡಿಮೆ ಇರುತ್ತದೆ, ಗೊತ್ತು. ಆದರೆ ಆ ಅನುಭವದ ಕಾಗದ ನಿಜದ್ದು. ಅದನ್ನು ಇಟ್ಟು ಅರ್ಜಿ ಹಾಕಿದರೆ ಯಾರು ಏನು ಕೇಳಿದರೂ ಉತ್ತರ ಇರುತ್ತದೆ.

ಮನೆ ಕಟ್ಟಿಸುವವರಿಗೆ ಒಂದು ಬೇಡಿಕೆ. ಟೈಲ್ಸ್ ಆರಿಸಲು ಮಂಗಳೂರಿನವರೆಗೆ ಹೋಗುತ್ತೀರಿ. ಕಂಪ್ಲೀಷನ್ ರಿಪೋರ್ಟಿನಲ್ಲಿ ಸಹಿ ಹಾಕಿದವರನ್ನು ಒಂದು ಸಲ ಮನೆಗೆ ಕರೆಸಿ. ಅರ್ತಿಂಗ್ ಎಷ್ಟು ಓಮ್ ಬಂತು ಅಂತ ಕೇಳಿ, ಎದುರಲ್ಲೇ ಅಳೆಸಿ. ಬಾಕ್ಸ್ ತೆರೆದು ಇಎಲ್‌ಸಿಬಿ ಲೈನಿನಲ್ಲಿ ಇದೆಯಾ ಅಂತ ತೋರಿಸಲು ಹೇಳಿ. ಅವರು ಬರುವುದಿಲ್ಲ ಅಂದರೆ ಉಳಿದ ದುಡ್ಡು ಕೊಡಬೇಡಿ.

ಆ ಹುಡುಗ ಇನ್ನೂ ಯಾವ ಕಾಗದವನ್ನೂ ಕೊಟ್ಟಿಲ್ಲ. ಅಮ್ಮನ ಹತ್ತಿರ ಮಾತಾಡಿ ಹೇಳ್ತೇನೆ ಅಕ್ಕ ಅಂದಿದ್ದಾನೆ. ಅವನ ಹಾಗೆ ಈ ವರ್ಷ ಪಾಸಾದವರು ನಮ್ಮ ಕಡೆ ಇನ್ನೂ ಇದ್ದೀರಿ ಅಂತ ಗೊತ್ತು. ಮುಂದಿನ ಭಾನುವಾರ ಮುಳ್ಳೇರಿಯದ ಹತ್ತಿರ ಒಂದು ಮನೆಯ ಟೆಸ್ಟಿಂಗ್ ಇದೆ. ಮೆಗ್ಗರ್, ಅರ್ತ್ ಟೆಸ್ಟರ್ ಎರಡೂ ತರುತ್ತೇನೆ, ಕೈಗೆ ಕೊಟ್ಟೇ ಕಲಿಸುತ್ತೇನೆ. ಬರುವವರು ಇನ್‌ಬಾಕ್ಸ್‌ಗೆ ಬನ್ನಿ. ಚಪ್ಪಲಿ ಬೇಡ, ರಬ್ಬರ್ ಸೋಲ್‌ನ ಶೂ ಹಾಕಿಕೊಂಡು ಬನ್ನಿ.